ಮೆಕ್‌ಡೊವೆಲ್ ಕೌಂಟಿಯಲ್ಲಿ ಪದವೀಧರರು ಇಷ್ಟು ಕಡಿಮೆ ಏಕೆ? ಅಲ್ಲಿನವರಿಗೆ ಓದು ಬೇಡವೇ?

ನಿಮ್ಮ ಮಗಳು ಶಿಕ್ಷಕಿಯಾಗಿ ಹೋಗಲಿರುವ ವೆಸ್ಟ್ ವರ್ಜೀನಿಯಾದ ಮೆಕ್‌ಡೊವೆಲ್ ಕೌಂಟಿಯಲ್ಲಿ ನೂರು ವಯಸ್ಕರಿಗೆ ಹತ್ತು ಪದವೀಧರರೂ ಇಲ್ಲವೆಂಬುದನ್ನು ಕಂಡು, ಅಲ್ಲಿನವರಿಗೆ ಓದಿನ ಆಸಕ್ತಿಯೇ ಇಲ್ಲವೇ ಎಂದು ಕೇಳಿದ್ದೀರಿ. ಪಕ್ಕದ ಮರ್ಸರ್ ಕೌಂಟಿಯ ಒಂದು ಕ್ಲಿನಿಕ್ಕಿನಲ್ಲಿ ಒಂಬತ್ತು ವರ್ಷ ದುಡಿದವನಾಗಿ ಹೇಳುತ್ತೇನೆ: ಅಂಕಿ ಸರಿ, ಅದರಿಂದ ನೀವು ತೆಗೆದ ಅರ್ಥ ಸರಿಯಲ್ಲ.

ಅಮೆರಿಕದ ಜನಗಣತಿ ಇಲಾಖೆ ಈ ಲೆಕ್ಕಕ್ಕೆ 25 ವರ್ಷ ತುಂಬಿದವರನ್ನು ಮಾತ್ರ ತೆಗೆದುಕೊಳ್ಳುತ್ತದೆ. ಅವರು ಎಲ್ಲಿ ಹುಟ್ಟಿ ಬೆಳೆದರು ಎಂಬುದನ್ನಲ್ಲ, ಈಗ ಎಲ್ಲಿ ವಾಸವಾಗಿದ್ದಾರೆ ಎಂಬುದನ್ನು ನೋಡುತ್ತದೆ. ಕೋಲ್‌ವುಡ್ ಎಂಬ ಗಣಿ ಊರಿನಲ್ಲಿ ಬೆಳೆದು, 1964ರಲ್ಲಿ ವರ್ಜೀನಿಯಾ ಟೆಕ್‌ನಿಂದ ಎಂಜಿನಿಯರಿಂಗ್ ಪದವಿ ಪಡೆದು, ಮುಂದೆ ನಾಸಾ ಸೇರಿದ ಹೋಮರ್ ಹಿಕಮ್ ಈ ಕೌಂಟಿಯವರೇ. ಆದರೆ ಅವರು ನೆಲೆಸಿದ್ದು ಅಲಬಾಮಾದ ಹಂಟ್ಸ್‌ವಿಲ್‌ನಲ್ಲಿ, ಹಾಗಾಗಿ ಅವರ ಪದವಿ ಸೇರುವುದು ಆ ಊರಿನ ಲೆಕ್ಕಕ್ಕೆ. 1950ರಲ್ಲಿ ಒಂದು ಲಕ್ಷದ ಹತ್ತಿರವಿದ್ದ ಮೆಕ್‌ಡೊವೆಲ್‌ನ ಜನಸಂಖ್ಯೆ, ಕಲ್ಲಿದ್ದಲು ಗಣಿಗಳಿಗೆ ಯಂತ್ರಗಳು ಬಂದು, ಆಮೇಲೆ ಗಣಿಗಳೇ ಒಂದೊಂದಾಗಿ ಮುಚ್ಚಿದ ಮೇಲೆ, 2020ರಲ್ಲಿ 19,111ಕ್ಕೆ ಇಳಿದಿತ್ತು. ಓದಿದ ಮಕ್ಕಳಿಗೆ ಊರಿನಲ್ಲಿ ಕೆಲಸವಿರಲಿಲ್ಲ, ಹೊರಟುಹೋದರು. ಉಳಿದ ಹಿರಿಯರಲ್ಲಿ ಅನೇಕರು ಹೈಸ್ಕೂಲು ಮುಗಿಯುತ್ತಲೇ ಗಣಿಗೆ ಇಳಿದವರು. ಆ ಕಾಲಕ್ಕೆ ಗಣಿಯ ಸಂಬಳದಲ್ಲಿ ಸಂಸಾರ ಚೆನ್ನಾಗಿಯೇ ಸಾಗುತ್ತಿತ್ತು, ಪದವಿಯ ಅಗತ್ಯ ಅವರಿಗೆ ಕಾಣಲಿಲ್ಲ. ಇನ್ನೊಂದು ಸಂಗತಿಯನ್ನು ಯಾರೂ ಹೇಳುವುದಿಲ್ಲ: 2010ರಲ್ಲಿ ಅಲ್ಲಿ ತೆರೆದ ಫೆಡರಲ್ ಜೈಲಿನ ಕೈದಿಗಳೂ ಈ ಲೆಕ್ಕದಲ್ಲಿ ಸೇರುತ್ತಾರೆ, ಇಷ್ಟು ಚಿಕ್ಕ ಜನಸಂಖ್ಯೆಯಲ್ಲಿ ಅದು ಸಣ್ಣ ವಿಷಯವಲ್ಲ.

ನೀವು ನೋಡಿರುವುದು ಐದು ವರ್ಷಗಳ ಮಾದರಿ ಸಮೀಕ್ಷೆಯನ್ನು ಒಟ್ಟುಗೂಡಿಸಿದ ಅಂದಾಜು. 65,000ಕ್ಕಿಂತ ಕಡಿಮೆ ಜನರಿರುವ ಕೌಂಟಿಗಳಿಗೆ ಪೂರ್ಣ ವಾರ್ಷಿಕ ಕೋಷ್ಟಕಗಳು ಬರುವುದಿಲ್ಲ. ಆದ್ದರಿಂದ ಶೇಕಡ ಒಂದರಷ್ಟು ಏರಿಳಿತಕ್ಕೆ ಅರ್ಥ ಹಚ್ಚಬೇಡಿ.

ಆಸಕ್ತಿಯ ಮಾತಿಗೆ ಬಂದರೆ, ನನಗೆ ನೆನಪಾಗುವುದು ನಮ್ಮ ಕ್ಲಿನಿಕ್ಕಿನ ಒಬ್ಬ ಸಹಾಯಕಿ. ಮೆಕ್‌ಡೊವೆಲ್‌ನಲ್ಲಿ ನಾಲ್ಕು ವರ್ಷದ ಪದವಿಯ ಕಾಲೇಜು ಇಲ್ಲ; ಕೌಂಟಿಯ ಕೇಂದ್ರವಾದ ವೆಲ್ಚ್‌ನಿಂದ ಕಾಲೇಜಿರುವ ಪಕ್ಕದ ಮರ್ಸರ್ ಕೌಂಟಿಯ ಬ್ಲೂಫೀಲ್ಡ್‌ಗೆ 52ನೇ ಹೆದ್ದಾರಿಯ ತಿರುವುಗಳಲ್ಲಿ ಕಲ್ಲಿದ್ದಲು ಲಾರಿಗಳ ಹಿಂದೆ ಸುಮಾರು ಒಂದು ಗಂಟೆಯ ಹಾದಿ. ಇಬ್ಬರು ಮಕ್ಕಳ ತಾಯಿಯಾದ ಆಕೆ ಕೆಲಸ ಮುಗಿಸಿ ತರಗತಿಗೆ ಹೋಗಿ, ಮಂಜು ಕವಿದ ರಸ್ತೆಯಲ್ಲಿ ಮನೆ ಸೇರುವಷ್ಟರಲ್ಲಿ ಮಕ್ಕಳು ಮಲಗಿರುತ್ತಿದ್ದರು. ಔಷಧಿಗಳ ಪ್ರಮಾಣ ಬರೆದ ಚೀಟಿಗಳನ್ನು ಸಮವಸ್ತ್ರದ ಜೇಬಿನಲ್ಲಿಟ್ಟುಕೊಂಡು, ಬಿಡುವು ಸಿಕ್ಕಾಗಲೆಲ್ಲ ತೆಗೆದು ಬಾಯಿಪಾಠ ಮಾಡುತ್ತಿದ್ದರು. ಅಂಚು ಸವೆದ ಆ ಚೀಟಿಗಳು ಈಗಲೂ ಕಣ್ಣಿಗೆ ಕಟ್ಟಿದಂತಿವೆ. ಕೊನೆಗೆ ಅವರು ನೋಂದಾಯಿತ ನರ್ಸ್ ಆದರು. ಆದರೆ ಅದು ಎರಡು ವರ್ಷದ ಅಸೋಸಿಯೇಟ್ ಪದವಿಯಾದ್ದರಿಂದ, ನೀವು ನೋಡಿದ ‘ಬ್ಯಾಚುಲರ್ ಮತ್ತು ಮೇಲ್ಪಟ್ಟು’ ಎಂಬ ಕಾಲಂನಲ್ಲಿ ಅವರು ಇಲ್ಲ.

ಮಗಳು ಧೈರ್ಯವಾಗಿ ಹೋಗಲಿ. ಅಲ್ಲಿ ಶಿಕ್ಷಕರು ನಿಲ್ಲದಿರುವುದಕ್ಕೆ ಒಂದು ದೊಡ್ಡ ಕಾರಣ ವಾಸಯೋಗ್ಯ ಬಾಡಿಗೆ ಮನೆಗಳ ಕೊರತೆ. 2011ರಲ್ಲಿ ಶಿಕ್ಷಕರ ಒಕ್ಕೂಟದ ಮುಂದಾಳತ್ವದಲ್ಲಿ ಶುರುವಾದ ‘ರೀಕನೆಕ್ಟಿಂಗ್ ಮೆಕ್‌ಡೊವೆಲ್’ ಯೋಜನೆಯಡಿ ವೆಲ್ಚ್‌ನಲ್ಲಿ ಅವರನ್ನು ಗಮನದಲ್ಲಿಟ್ಟುಕೊಂಡೇ ಅಪಾರ್ಟ್‌ಮೆಂಟ್ ಕಟ್ಟಡ ಕಟ್ಟಲಾಗಿದೆ. ಹೊರಡುವ ಮೊದಲೇ ಅಲ್ಲಿ ಮನೆ ಖಾಲಿ ಇದೆಯೇ ಎಂದು ವಿಚಾರಿಸಲು ಹೇಳಿ.