ನಮ್ಮ ಎರಡು ವರ್ಷದ ವೈರ್ ಫಾಕ್ಸ್ ಟೆರಿಯರ್ ನಾಯಿಯ ಕೂದಲು ಕೈಯಲ್ಲಿ ಕಿತ್ತರೆ ನೋವಾಗಲ್ವಾ? ಬೇಸಿಗೆಗೆ ಟ್ರಿಮ್ಮರ್ ಮಷಿನ್ ಹಾಕಿಸೋದೇ ಒಳ್ಳೇದಲ್ವಾ?

ನೋವಾಗುತ್ತೆ ಅಂತಲೇ ನಾನೂ ಹೆದರಿದ್ದು. ಆ ಹೆದರಿಕೆಗೆ ನಮ್ಮ ನಾಯಿ ಗುಂಡ ತನ್ನ ಕೋಟ್, ಅಂದ್ರೆ ಮೈತುಂಬ ಇದ್ದ ಗಡಸು ಕೂದಲು, ಕಳಕೊಂಡ.

ಗುಂಡ ವೆಲ್ಷ್ ಟೆರಿಯರ್, ಕೂದಲು ನಿಮ್ಮ ನಾಯಿಯ ಥರದ್ದೇ. ಬೆನ್ನು ಮಸಿಗಪ್ಪು, ತಲೆ-ಕಾಲು ಕೆಂಗಂದು. ವರ್ಷ ತುಂಬುವ ಹೊತ್ತಿಗೆ ಮೈಕೂದಲು ತೆಂಗಿನ ನಾರಿನ ಹಾಗೆ ಕೆದರಿ ನಿಂತಿತ್ತು. ನಾಯಿಗಳ ಕೂದಲು ಒಪ್ಪ ಮಾಡೋ ಗ್ರೂಮರ್ ಒಬ್ಬರು "ಇದನ್ನ ಕತ್ತರಿಸಬಾರದು, ಸ್ಟ್ರಿಪ್ಪಿಂಗ್ ಮಾಡಬೇಕು" ಅಂದು ಬೆನ್ನಿಂದ ಒಂದು ಚಿಟಿಕೆ ಕೂದಲು ಕಿತ್ತು ತೋರಿಸಿದರು. ನನ್ನ ಕರುಳು ಚುರುಕ್ ಅಂತು. ಗುಂಡ ಕಿಟಕಿಯಾಚೆ ಅಳಿಲು ನೋಡ್ತಾ ನಿಂತಿದ್ದ, ತಿರುಗಿಯೂ ನೋಡಲಿಲ್ಲ. ಕಣ್ಣಾರೆ ಕಂಡರೂ ನಂಬದೆ ಮನೆಗೆ ಬಂದು ಟ್ರಿಮ್ಮರ್ ತರಿಸಿದೆ. ಇಪ್ಪತ್ತೇ ನಿಮಿಷ. ಮೈ ಮಖಮಲ್ಲಿನ ಹಾಗೆ. ಏನು ಬೀಗಿದ್ದೆ ಅಂತೀರಿ!

ತಪ್ಪು ಎಲ್ಲಾಯ್ತು ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೀನಿ, ಯಾಕಂದ್ರೆ ನನಗೆ ಯಾರೂ ಹೇಳಿರಲಿಲ್ಲ. ಈ ನಾಯಿಗಳಿಗೆ ಎರಡು ಪದರ ಕೂದಲು: ಮೇಲೆ ತಂತಿಯಂಥದ್ದು, ಒಳಗೆ ಹತ್ತಿಯಂಥದ್ದು. ಮೇಲಿನ ಕೂದಲು ಬುಡದಲ್ಲಿ ಸಣ್ಣ, ತುದಿ ಕಡೆ ದಪ್ಪ. ಗಡಸು, ಬಣ್ಣ ಎರಡೂ ಆ ದಪ್ಪ ಭಾಗದಲ್ಲೇ ಇರೋದು. ನಾಲ್ಕಾರು ತಿಂಗಳಲ್ಲಿ ಅದು ಬಲಿತು ಸತ್ತು, ಬುಡ ಸಡಿಲವಾಗಿ ಸುಮ್ಮನೆ ಕೂತಿರುತ್ತೆ. ಬೇರೆ ನಾಯಿಗಳ ಕೂದಲಿನ ಹಾಗೆ ತಾನಾಗಿ ಅಷ್ಟು ಉದುರಲ್ಲ. ಕಿತ್ತರೆ ಆ ಜಾಗದಲ್ಲಿ ಹೊಸ ತಂತಿ ಹುಟ್ಟುತ್ತೆ. ಮಷಿನ್ ಹಾಕಿದರೆ ದಪ್ಪ ಭಾಗ ಹೋಗಿ ತೆಳ್ಳನೆ ಬುಡ ಉಳಿಯುತ್ತೆ, ಒಳಪದರದ ಹತ್ತಿ ಮೇಲೇಳುತ್ತೆ. ಕಳೆ ಕೀಳೋ ಬದಲು ಕುಡುಗೋಲಲ್ಲಿ ಸವರಿ ಬಂದ ಹಾಗೆ. ನಾನು ಒಂದು ಸಲ ಅಲ್ಲ, ಮೂರು ಸಲ ಸವರಿದೆ.

ಮೂರನೇ ಸಲಕ್ಕೆ ಕಪ್ಪು ಬೆನ್ನು ಬೂದಿಬಣ್ಣಕ್ಕೆ ತಿರುಗಿತ್ತು. ಮೊದಲು ಮಳೆಯಲ್ಲಿ ನೆನೆದರೆ ಒಂದು ಸಲ ಮೈ ಕೊಡವಿ ಒಣಗ್ತಿದ್ದವನು, ಈಗ ನೆಲ ಒರೆಸೋ ಬಟ್ಟೆ ಥರ ನೀರು ಹೀರಿಕೊಂಡು ಸಂಜೆವರೆಗೂ ನಾರ್ತಿದ್ದ. ಮುಂಗಾಲಿನ ಸಂದಿಯಲ್ಲಿ ಗಂಟು ಬೇರೆ. ನಿಜವಾದ ನೋವು ಅವನಿಗಾಗಿದ್ದು ಆ ಗಂಟು ಬಿಡಿಸುವಾಗ.

ಬೇಸಿಗೆ ನೆಪ ಬಿಟ್ಟುಬಿಡಿ. ನಿಮ್ಮದು ಬಿಳಿ ನಾಯಿ, ಕೂದಲಡಿಯ ಚರ್ಮ ಗುಲಾಬಿ. ಬೋಳಿಸಿದರೆ ತಂಪಾಗೋದಿರಲಿ, ಬಿಸಿಲಿಗೆ ಸುಡುತ್ತೆ. ವಯಸ್ಸಾದ ನಾಯಿಯಾದರೆ, ಚರ್ಮರೋಗ ಇದ್ದರೆ, ಮಷಿನ್ ಹಾಕಿಸಿ, ನಾನೇನೂ ಅನ್ನಲ್ಲ. ಎರಡು ವರ್ಷದ ಗಟ್ಟಿಮುಟ್ಟಾದ ನಾಯಿಗೆ ಯಾಕೆ?

ಕೀಳೋಕೆ ಮುಂಚೆ ಸ್ನಾನ ಮಾಡಿಸಬೇಡಿ, ಕೂದಲು ಜಾರುತ್ತೆ. ಬೆರಳಿಗೆ ಸ್ವಲ್ಪ ಚಾಕ್ ಪುಡಿ ಹಚ್ಚಿ, ನಾಲ್ಕೈದೇ ಕೂದಲು ತುದಿಯಲ್ಲಿ ಹಿಡಿದು, ಬೆಳೆದ ದಿಕ್ಕಿಗೇ ಎಳೀರಿ. ಇನ್ನೊಂದು ಕೈಯಲ್ಲಿ ಚರ್ಮ ಒತ್ತಿ ಹಿಡಿದಿರಿ. ಸಲೀಸಾಗಿ ಬರಲಿಲ್ಲ, ನಾಯಿ ಬೆಚ್ಚಿತು ಅಂದ್ರೆ ಕೂದಲು ಇನ್ನೂ ಬಲಿತಿಲ್ಲ, ಕೆಲವು ವಾರ ಬಿಡಿ. ಹೊಟ್ಟೆ, ಗಂಟಲು, ತೊಡೆಸಂದಿಗೆ ಮಾತ್ರ ಕತ್ತರಿ. ಕೂದಲು ಕೀಳೋಕೆ ಸ್ಟ್ರಿಪ್ಪಿಂಗ್ ನೈಫ್ ಅಂತ ಒಂದು ಸಾಧನ ಸಿಗುತ್ತೆ, ಅದು ಹರಿತವಾಗಿದ್ದರೆ ಕೀಳಲ್ಲ, ಕತ್ತರಿಸುತ್ತೆ. ಮತ್ತೆ ನನ್ನ ಕಥೆಯೇ. ದಿನಕ್ಕೆ ಹದಿನೈದು ನಿಮಿಷ ಸಾಕು, ಒಂದೇ ದಿನ ಮುಗಿಸೋ ಹಟ ಬೇಡ.

ಗುಂಡನ ಕೋಟ್ ಸರಿಮಾಡೋಕೆ ನನಗೆ ಒಂದೂವರೆ ವರ್ಷ ಹಿಡಿಯಿತು. ಕತ್ತು, ಭುಜ ಕಪ್ಪಾದವು. ಸೊಂಟದ ಮೇಲೆ ಅಂಗೈಯಗಲ ಇನ್ನೂ ಬೂದಿ, ಇನ್ನೂ ಹತ್ತಿ.

ನಿಮ್ಮ ನಾಯಿಗೆ ಬೆನ್ನ ಮೇಲೆ ಕಪ್ಪು ಮಚ್ಚೆ ಇದ್ದರೆ ಅಲ್ಲಿಂದ ನಾಲ್ಕು ಬಲಿತ ಕೂದಲು ಕಿತ್ತು ಬಿಳಿ ಕಾಗದದ ಮೇಲೆ ಇಡಿ. ತುದಿ ಹೇಗಿದೆ, ಬುಡ ಹೇಗಿದೆ ನೋಡಿ. ಆಮೇಲೂ ಟ್ರಿಮ್ಮರ್ ಬೇಕು ಅನ್ನಿಸಿದರೆ ನನ್ನದು ಕಪಾಟಲ್ಲಿ ಧೂಳು ತಿಂತಿದೆ.