ಕರಬಾಖ್ ಖಾಲಿಯಾದ ಮೇಲೆ: ಕಾಕಸಸ್ ಕುರಿತ ನಿಮ್ಮ ಪ್ರಶ್ನೆಗಳು

ಅರ್ಮೇನಿಯಾ ಮತ್ತು ಅಜರ್‌ಬೈಜಾನ್ ಜಗಳದ ಬಗ್ಗೆ ಬಂದ ಪ್ರಶ್ನೆಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಒಂದೇ ಧಾಟಿಯವನ್ನು ಸೇರಿಸಿ ಚಿಕ್ಕದು ಮಾಡಿದ್ದೇನೆ.

ಎಪ್ಪತ್ತು ವರ್ಷ ಒಂದೇ ಕೆಂಪು ಬಾವುಟದಡಿ ಬಾಳಿದವರು, ಅದು ಇಳಿದ ಕೂಡಲೇ ಬಡಿದಾಡಿಕೊಂಡದ್ದೇಕೆ? ಸ್ಟಾಲಿನ್ ಎಳೆದ ಗಡಿಯೇ ಕಾರಣವಂತೆ, ನಿಜವೇ? (ಧಾರವಾಡದ ಓದುಗರು)

ಬಾವುಟ ಇಳಿಯುವ ಮೊದಲೇ ನೆತ್ತರು ಹರಿದಿತ್ತು. ನಗೋರ್ನೊ-ಕರಬಾಖ್ ಎಂಬ ಗುಡ್ಡಗಾಡು ಸೋವಿಯತ್ ಕಾಲದಲ್ಲಿ ಅಜರ್‌ಬೈಜಾನಿನೊಳಗಿನ ಸ್ವಾಯತ್ತ ಪ್ರಾಂತ್ಯವಾಗಿತ್ತು. ಅಲ್ಲಿಯ ಜನರಲ್ಲಿ ಮುಕ್ಕಾಲು ಪಾಲು ಅರ್ಮೇನಿಯನ್ನರು. 1988ರ ಫೆಬ್ರವರಿ 20ರಂದು ಆ ಪ್ರಾಂತ್ಯದ ಶಾಸನಸಭೆ ತನ್ನನ್ನು ಅರ್ಮೇನಿಯಾಕ್ಕೆ ಸೇರಿಸಬೇಕೆಂದು ನಿರ್ಣಯ ಮಾಡಿತು. ವಾರ ಕಳೆದಿತ್ತಷ್ಟೆ, ಕ್ಯಾಸ್ಪಿಯನ್ ದಂಡೆಯ ಸುಮ್ಗಾಯಿತ್ ಎಂಬ ಕಾರ್ಖಾನೆ ಊರಿನಲ್ಲಿ ಗುಂಪುಗಳು ಅರ್ಮೇನಿಯನ್ನರ ಮನೆಗಳಿಗೆ ನುಗ್ಗಿದವು. ಮುಂದಿನ ಮೂರು ವರ್ಷಗಳಲ್ಲಿ ಅಜರ್‌ಬೈಜಾನಿನಿಂದ ಅರ್ಮೇನಿಯನ್ನರು, ಅರ್ಮೇನಿಯಾದಿಂದ ಅಜೆರಿಗಳು ಲಕ್ಷಗಟ್ಟಲೆ ಗಂಟುಮೂಟೆ ಕಟ್ಟಿದರು. ಆಗ ಇಬ್ಬರೂ ಒಂದೇ ದೇಶದ ಪ್ರಜೆಗಳಾಗಿದ್ದರು ಎಂಬುದನ್ನು ಮರೆಯಬಾರದು.

ಇನ್ನು ಸ್ಟಾಲಿನ್ ವಿಷಯ. ಕಾಕಸಸ್‌ನ ಬೊಲ್ಶೆವಿಕ್ ಸಮಿತಿ 1921ರ ಜುಲೈ 4ರಂದು ಕರಬಾಖ್ ಅನ್ನು ಅರ್ಮೇನಿಯಾಕ್ಕೆ ಕೊಡಲು ತೀರ್ಮಾನಿಸಿ, ಮರುದಿನವೇ ಅಜರ್‌ಬೈಜಾನಿನಲ್ಲಿ ಉಳಿಸಲು ತೀರ್ಮಾನಿಸಿತು. ಸ್ಟಾಲಿನ್ ಅಲ್ಲಿದ್ದದ್ದು ನಿಜ. ಆದರೆ ಎಲ್ಲವನ್ನೂ ಆತನ ತಲೆಗೆ ಕಟ್ಟುವುದು ಸುಲಭದ ಕಥೆ ಎಂದೇ ನನ್ನ ಅಭಿಪ್ರಾಯ. ಗುಡ್ಡದ ಮೇಲೆ ಅರ್ಮೇನಿಯನ್ ಹಳ್ಳಿಗಳು, ಅವುಗಳ ನಡುವೆ ಅಜೆರಿಗಳ ಶುಶಾ ಪಟ್ಟಣ, ಬೇಸಿಗೆಯಲ್ಲಿ ಬಯಲಿನಿಂದ ಕುರಿ ಹೊಡೆದುಕೊಂಡು ಮೇಲೇರುವ ಅಜೆರಿ ಕುರುಬರು. ಇಂಥ ನೆಲದಲ್ಲಿ ಯಾವ ಗೆರೆ ಎಳೆದರೂ ಯಾರೋ ಒಬ್ಬರು ಅದರ ಆಚೆ ಬೀಳುತ್ತಿದ್ದರು.

ಮುಖ್ಯ ಸಂಗತಿ ಬೇರೆ ಇದೆ. ಬೆಳಗಾವಿಯ ತಕರಾರನ್ನು ಮಹಾರಾಷ್ಟ್ರ 2004ರಲ್ಲಿ ಸುಪ್ರೀಂ ಕೋರ್ಟಿಗೆ ಒಯ್ದಿತು. ಇತ್ಯರ್ಥವಾಗಲಿ ಬಿಡಲಿ, ಹೋಗಿ ತಟ್ಟಲು ಒಂದು ಬಾಗಿಲಿದೆ. ಸೋವಿಯತ್ ಗಣರಾಜ್ಯಗಳಿಗೆ ಆ ಬಾಗಿಲು ಮಾಸ್ಕೋದ ಪಾಲಿಟ್‌ಬ್ಯೂರೊ, ಎಂದರೆ ಕಮ್ಯುನಿಸ್ಟ್ ಪಕ್ಷದ ಉನ್ನತ ಸಮಿತಿ, ಮಾತ್ರ. ಅದು 1988ರಲ್ಲಿ ‘ಆಗದು’ ಎಂದಿತು, 1991ರಲ್ಲಿ ತಾನೇ ಇಲ್ಲವಾಯಿತು. ಗಣರಾಜ್ಯಗಳ ನಡುವಿನ ಆಡಳಿತದ ಗೆರೆಯೊಂದು ಬೆಳಗಾಗುವುದರೊಳಗೆ ಅಂತರರಾಷ್ಟ್ರೀಯ ಗಡಿಯಾಯಿತು. 1991ರ ಡಿಸೆಂಬರ್ 21ರಂದು ಅಲ್ಮಾ-ಅತಾದಲ್ಲಿ ಸೇರಿದ ಹನ್ನೊಂದು ಗಣರಾಜ್ಯಗಳು ಆ ಗೆರೆಗಳನ್ನು ಇದ್ದ ಹಾಗೆಯೇ ಒಪ್ಪಿಕೊಂಡವು. ಅರ್ಮೇನಿಯಾ, ಅಜರ್‌ಬೈಜಾನ್ ಎರಡೂ ಸಹಿ ಹಾಕಿದವು. ಈ ಕಾಗದ ಮುಂದೆ ಮತ್ತೆ ಬರುತ್ತದೆ.

1994ರಲ್ಲಿ ಗೆದ್ದವರು ಅರ್ಮೇನಿಯನ್ನರು. ಗೆದ್ದ ಮೇಲೆ ಸೋತದ್ದು ಹೇಗೆ? (ಮೈಸೂರಿನ ಓದುಗರು)

ಗೆಲುವನ್ನು ಹಕ್ಕುಪತ್ರ ಎಂದುಕೊಂಡದ್ದರಿಂದ. ಕರಬಾಖ್‌ಗಾಗಿ ನಡೆದ ಮೊದಲ ಯುದ್ಧ 1994ರ ಮೇ ತಿಂಗಳ ಕದನವಿರಾಮದಲ್ಲಿ ನಿಂತ ಹೊತ್ತಿಗೆ ಕರಬಾಖ್ ಅಲ್ಲದೆ ಅದರ ಸುತ್ತಲ ಏಳು ಅಜೆರಿ ಜಿಲ್ಲೆಗಳು ಪೂರ್ತಿಯಾಗಿಯೋ ಭಾಗಶಃವೋ ಅವರ ವಶದಲ್ಲಿದ್ದವು. ಆ ಜಿಲ್ಲೆಗಳ ಜನರೆಲ್ಲ ನಿರಾಶ್ರಿತರಾದರು. ಅಗ್ದಮ್ ಪಟ್ಟಣದಲ್ಲಿ ಮಸೀದಿಯೊಂದನ್ನು ಬಿಟ್ಟರೆ ನೆಟ್ಟಗೆ ನಿಂತ ಕಟ್ಟಡ ಹುಡುಕಬೇಕಿತ್ತು, ಕಿಟಕಿ ಬಾಗಿಲುಗಳ ಚೌಕಟ್ಟನ್ನೂ ಕಿತ್ತೊಯ್ದಿದ್ದರು. ವಶಪಡಿಸಿಕೊಂಡ ಪ್ರದೇಶ ಬಿಟ್ಟುಕೊಡಿ ಎಂದು ವಿಶ್ವಸಂಸ್ಥೆಯ ಭದ್ರತಾ ಮಂಡಳಿ 1993ರಲ್ಲೇ ನಾಲ್ಕು ನಿರ್ಣಯ ಮಾಡಿತ್ತು. ಆ ಜಿಲ್ಲೆಗಳು ಮೊದಮೊದಲು ಚೌಕಾಶಿಗೆ ಇಟ್ಟುಕೊಂಡ ಒತ್ತೆಯಾಗಿದ್ದವು. ವರ್ಷ ಕಳೆದಂತೆ ‘ವಿಮೋಚಿತ ನೆಲ’ ಎನಿಸಿಕೊಂಡವು. ಕಾಲ ನಮ್ಮ ಪರವಾಗಿಲ್ಲ, ರಾಜಿಯಾಗೋಣ ಎಂದ ಅರ್ಮೇನಿಯಾದ ಮೊದಲ ಅಧ್ಯಕ್ಷ ಲೆವೋನ್ ಟೆರ್-ಪೆಟ್ರೋಸ್ಯಾನ್ 1998ರ ಫೆಬ್ರವರಿಯಲ್ಲಿ ರಾಜೀನಾಮೆ ಕೊಡಬೇಕಾಯಿತು.

ಆತ ಹೇಳಿದ್ದೇ ಆಯಿತು. ಅಜರ್‌ಬೈಜಾನಿನ ರಾಜಧಾನಿ ಬಾಕುವಿನಿಂದ ಜಾರ್ಜಿಯಾ ಸುತ್ತಿ ಟರ್ಕಿಯ ಜೈಹಾನ್ ಬಂದರಿಗೆ ಹೋಗುವ ತೈಲ ಕೊಳವೆ 2006ರಲ್ಲಿ ತೆರೆಯಿತು. ಅರ್ಮೇನಿಯಾವನ್ನು ಬೇಕೆಂದೇ ಬಳಸಿ ಹೋಗುವ ಮಾರ್ಗ ಅದು. ಎಣ್ಣೆಯ ಹಣ ಟರ್ಕಿಯ ಬೈರಕ್ತಾರ್, ಇಸ್ರೇಲಿನ ಹಾರೊಪ್ ಡ್ರೋನುಗಳಾಗಿ ಬಂತು. 2020ರ ಸೆಪ್ಟೆಂಬರ್ 27ರಂದು ಶುರುವಾದ ಯುದ್ಧ 44 ದಿನಗಳಲ್ಲಿ ಮುಗಿಯಿತು, ಶುಶಾ ಕೈತಪ್ಪಿತು. ಇನ್ನೊಂದು ವಿಚಿತ್ರ: ಮೂವತ್ತು ವರ್ಷ ಕರಬಾಖ್‌ಗಾಗಿ ಬಡಿದಾಡಿದ ಅರ್ಮೇನಿಯಾ ಅದನ್ನು ಸ್ವತಂತ್ರ ದೇಶವೆಂದು ಅಧಿಕೃತವಾಗಿ ಒಮ್ಮೆಯೂ ಮಾನ್ಯ ಮಾಡಲಿಲ್ಲ.

ಅರ್ಮೇನಿಯಾದಲ್ಲಿ ರಷ್ಯಾದ ಸೇನಾನೆಲೆಯಿದೆ, ರಕ್ಷಣಾ ಒಪ್ಪಂದವಿದೆ. ಆದರೂ ಬೇಲಿಯೇ ಎದ್ದು ಹೊಲ ಮೇದಂತಾಯಿತಲ್ಲ? (ಶಿವಮೊಗ್ಗದ ಓದುಗರು)

ಬೇಲಿ ಮೇಯಲಿಲ್ಲ, ಮೇಯುವವರನ್ನು ನೋಡುತ್ತ ನಿಂತಿತು. ಅದಕ್ಕೂ ಮೊದಲು ಎರಡೂ ಕಡೆಗೆ ಕತ್ತಿ ಮಾರಿತ್ತು.

ರಷ್ಯಾದ ನೆಲೆ ಗ್ಯುಮ್ರಿಯಲ್ಲಿದೆ, ಅದರ ಕರಾರು 2044ರವರೆಗೆ. ರಷ್ಯಾ ಮುಂದಾಳಾಗಿರುವ ಸೇನಾಕೂಟವಾದ ಸಾಮೂಹಿಕ ಭದ್ರತಾ ಒಪ್ಪಂದದ ಸಂಘಟನೆಯಲ್ಲಿ ಅರ್ಮೇನಿಯಾ ಸದಸ್ಯ ದೇಶ, 2024ರಿಂದ ಮಾತ್ರ ಅದರಲ್ಲಿ ಭಾಗವಹಿಸುತ್ತಿಲ್ಲ. 2020ರಲ್ಲಿ ಮಾಸ್ಕೋ ಕೊಟ್ಟ ಕಾರಣ, ಕಾದಾಟ ಅರ್ಮೇನಿಯಾದ ನೆಲದಲ್ಲಿ ನಡೆಯುತ್ತಿಲ್ಲ ಎಂಬುದು. ಕಾನೂನಿನ ಕಣ್ಣಿಗೆ ಅದು ಸರಿ. ಆದರೆ 2022ರ ಸೆಪ್ಟೆಂಬರ್‌ನಲ್ಲಿ ಅಜರ್‌ಬೈಜಾನ್ ನೇರವಾಗಿ ಅರ್ಮೇನಿಯಾದೊಳಗೇ, ಬಿಸಿನೀರಿನ ಬುಗ್ಗೆಗಳ ಊರಾದ ಜೆರ್ಮುಕ್‌ವರೆಗೂ ಗುಂಡಿನ ಮಳೆಗರೆಯಿತು. ಎರಡೇ ದಿನಗಳಲ್ಲಿ ಇನ್ನೂರಕ್ಕೂ ಹೆಚ್ಚು ಅರ್ಮೇನಿಯನ್ ಸೈನಿಕರು ಸತ್ತರು. ಅರ್ಮೇನಿಯಾದ ರಾಜಧಾನಿ ಯೆರೆವಾನ್, ಆ ಭದ್ರತಾ ಒಪ್ಪಂದದ ಪ್ರಕಾರ ನೆರವು ಕೇಳಿತು. ಸಂಘಟನೆ ಕಳಿಸಿದ್ದು ವರದಿ ಬರೆಯುವವರನ್ನು.

ಮಾಸ್ಕೋದ ಲೆಕ್ಕಾಚಾರ ತಿಳಿಯಲು ಒಂದು ತಾರೀಖು ಸಾಕು. 2022ರ ಫೆಬ್ರವರಿ 22ರಂದು ಪುಟಿನ್ ಮತ್ತು ಅಜರ್‌ಬೈಜಾನಿನ ಅಧ್ಯಕ್ಷ ಇಲ್ಹಾಮ್ ಅಲಿಯೆವ್ ‘ಮಿತ್ರ ಸಂಬಂಧ’ದ ಘೋಷಣೆಗೆ ಸಹಿ ಹಾಕಿದರು. ಎರಡು ದಿನ ಬಿಟ್ಟು ಉಕ್ರೇನ್ ಯುದ್ಧ ಶುರುವಾಯಿತು. ಆಮೇಲೆ ರಷ್ಯಾಕ್ಕೆ ದಕ್ಷಿಣದ ದಾರಿ, ಟರ್ಕಿಯ ದಾಕ್ಷಿಣ್ಯ, ಬಾಕುವಿನ ಸಹಕಾರ ಬೇಕಾದವು. ಅರ್ಮೇನಿಯಾ ಹೇಗೂ ಕೈಯಲ್ಲಿತ್ತು: ಅನಿಲ ರಷ್ಯಾದ್ದು, ರೈಲು ನಡೆಸುವುದು ರಷ್ಯಾದ ಕಂಪನಿ, ಟರ್ಕಿ ಮತ್ತು ಇರಾನ್ ಗಡಿ ಆಗ ಕಾಯುತ್ತಿದ್ದವರೂ ರಷ್ಯನ್ನರೇ. ಎಲ್ಲಿಗೂ ಹೋಗಲಾರದ ಗೆಳೆಯನಿಗೆ ಉಪಚಾರವೇಕೆ?

2022ರ ಡಿಸೆಂಬರ್ 12ರಂದು ಪರಿಸರ ಹೋರಾಟಗಾರರು ಎಂದು ಹೇಳಿಕೊಂಡ ಅಜರ್‌ಬೈಜಾನಿನವರು ಲಾಚಿನ್ ದಾರಿಯಲ್ಲಿ ಕುಳಿತರು. ಕರಬಾಖ್ ಅನ್ನು ಅರ್ಮೇನಿಯಾಕ್ಕೆ ಜೋಡಿಸುವ ಒಂದೇ ರಸ್ತೆ ಅದು. ಕಾವಲಿಗಿದ್ದವರು ರಷ್ಯಾದ ಶಾಂತಿಪಾಲಕರು, 1,960 ಮಂದಿಯ ಪಡೆ. ಒಂಬತ್ತು ತಿಂಗಳು ರಸ್ತೆ ಬಂದ್. ಬೇಸಿಗೆ ಕಳೆಯುವ ಹೊತ್ತಿಗೆ ಕರಬಾಖ್ ರಾಜಧಾನಿ ಸ್ಟೆಪಾನಕರ್ಟ್‌ನಲ್ಲಿ ಬ್ರೆಡ್ಡಿಗಾಗಿ ರಾತ್ರಿಯಿಡೀ ಸಾಲು. 2023ರ ಸೆಪ್ಟೆಂಬರ್ 19ರಂದು ಅಜರ್‌ಬೈಜಾನ್ ದಾಳಿ ಮಾಡಿತು, 24 ಗಂಟೆಗಳಲ್ಲಿ ಕರಬಾಖ್ ಶರಣಾಯಿತು. ಆ ಗಲಾಟೆಯಲ್ಲಿ ರಷ್ಯಾದ ಶಾಂತಿಪಾಲಕರ ವಾಹನಕ್ಕೂ ಗುಂಡು ಬಿದ್ದು ಅದರಲ್ಲಿದ್ದವರು ಸತ್ತರು. ಅಲಿಯೆವ್ ಫೋನಿನಲ್ಲಿ ಕ್ಷಮೆ ಕೇಳಿದರು, ಅಲ್ಲಿಗೆ ವಿಷಯ ಮುಗಿಯಿತು. ಮುಂದಿನ ಕೆಲವೇ ದಿನಗಳಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅರ್ಮೇನಿಯನ್ನರು, ಎಂದರೆ ಹೆಚ್ಚುಕಡಿಮೆ ಇಡೀ ಸೀಮೆಯೇ, ಅದೇ ಲಾಚಿನ್ ರಸ್ತೆಯಲ್ಲಿ ಹೊರಟುಹೋಯಿತು. ಅಂಕುಡೊಂಕಿನ ಆ ದಾರಿಯಲ್ಲಿ ಕಾರು, ಲಾರಿ, ಟ್ರ್ಯಾಕ್ಟರುಗಳು ಒಂದರ ಹಿಂದೊಂದು ತೆವಳಿದವು. ಕೆಲವೇ ಗಂಟೆಗಳ ಪ್ರಯಾಣಕ್ಕೆ ಒಂದು ದಿನಕ್ಕಿಂತ ಹೆಚ್ಚು ಹಿಡಿಯಿತು.

2024ರಲ್ಲಿ ಅರ್ಮೇನಿಯಾದ ಪ್ರಧಾನಿ ಒಂದೂ ಗುಂಡು ಹಾರಿಸದೆ ನಾಲ್ಕು ಹಳ್ಳಿ ಬಿಟ್ಟುಕೊಟ್ಟರು. ಇದು ಹೇಡಿತನವಲ್ಲವೇ? (ವಿಜಯಪುರದ ಓದುಗರು)

ನಾನು ಹಾಗೆ ಹೇಳಲಾರೆ, ಅಲ್ಲಿ ಬಹಳ ಜನ ಹೇಳುತ್ತಾರೆ. ತವುಶ್ ಧರ್ಮಪ್ರಾಂತ್ಯದ ಆರ್ಚ್‌ಬಿಷಪ್ ಬಗ್ರತ್ ಗಲ್ಸ್ತಾನ್ಯಾನ್ ಅಲ್ಲಿಂದ ಯೆರೆವಾನ್‌ವರೆಗೆ ಕಾಲ್ನಡಿಗೆಯಲ್ಲಿ ಹೋಗಿ, ಪ್ರಧಾನಿ ನಿಕೋಲ್ ಪಶಿನ್ಯಾನ್ ರಾಜೀನಾಮೆಗೆ ಭಾರಿ ಸಭೆಗಳನ್ನು ನಡೆಸಿದರು.

ಆ ನಾಲ್ಕೂ 1990ರ ದಶಕದ ಆರಂಭದಿಂದ ಹಾಳುಬಿದ್ದಿದ್ದ ಹಳ್ಳಿಗಳು. ಸೋವಿಯತ್ ನಕ್ಷೆಯಲ್ಲಿ ಅವು ಅಜರ್‌ಬೈಜಾನಿನವು, ಯುದ್ಧದಲ್ಲಿ ಅರ್ಮೇನಿಯಾ ಹಿಡಿದುಕೊಂಡಿತ್ತು. ಗಡಿ ಗುರುತಿಸಲು ಎರಡೂ ಕಡೆಯವರು ಎದುರಿಗಿಟ್ಟುಕೊಂಡದ್ದು ಸೋವಿಯತ್ ಸೇನೆಯ 1976ರ ನಕ್ಷೆ, ಆಧಾರ ಅದೇ ಅಲ್ಮಾ-ಅತಾ ಘೋಷಣೆ. 2024ರ ಏಪ್ರಿಲ್ 23ರಂದು ಮೊದಲ ಗಡಿಕಂಬ ನೆಟ್ಟರು. ನೋವಾದದ್ದು ಪಕ್ಕದ ಕಿರಾಂಟ್ಸ್ ಎಂಬ ಜೀವಂತ ಹಳ್ಳಿಗೆ. ಹೊಸ ಗೆರೆ ಅದರ ಅಂಚಿನಲ್ಲೇ ಹಾದು, ಓಡಾಡುವ ರಸ್ತೆಯ ಒಂದು ತುಂಡನ್ನೂ ಕೆಲವರ ಮನೆ ಜಮೀನನ್ನೂ ಆಚೆಗೆ ಹಾಕಿತು. ಸರ್ಕಾರ ಬದಲಿ ರಸ್ತೆ ಮಾಡಿಸಿತು, ಹಳ್ಳಿಗೂ ಗಡಿಗೂ ನಡುವೆ ಗೋಡೆ ಎಬ್ಬಿಸಿತು. ಅಡುಗೆಮನೆ ಕಿಟಕಿಯಿಂದ ಕಾಣುವಷ್ಟು ಹತ್ತಿರ ಪರದೇಶ.

ಪಶಿನ್ಯಾನ್ ಮೇಲೆ ನನಗೆ ವಿಶೇಷ ಮೋಹವಿಲ್ಲ. 2019ರಲ್ಲಿ ಸ್ಟೆಪಾನಕರ್ಟ್‌ಗೆ ಹೋಗಿ ‘ಕರಬಾಖ್ ಅರ್ಮೇನಿಯಾವೇ, ಅಷ್ಟೇ’ ಎಂದು ಅಬ್ಬರಿಸಿದ್ದು ಇದೇ ಮನುಷ್ಯ. ಆದರೂ ಈ ಹೆಜ್ಜೆ ಸರಿ ಎನ್ನುತ್ತೇನೆ. ಬಲಿಷ್ಠ ನೆರೆಯವನ ಎದುರು ಚಿಕ್ಕ ದೇಶಕ್ಕಿರುವ ಗಟ್ಟಿ ಆಯುಧ, ಆ ನೆರೆಯವನೂ ಸಹಿ ಹಾಕಿದ ನಕ್ಷೆ. ಅದನ್ನು ತನಗೆ ಅನುಕೂಲವಾದಲ್ಲಿ ಮಾತ್ರ ಹಿಡಿಯುತ್ತೇನೆ ಎಂದರೆ, ಅರ್ಮೇನಿಯಾದೊಳಗೆ ಇನ್ನೂ ಕುಳಿತಿರುವ ಅಜೆರಿ ಸೈನಿಕರನ್ನು ಹೊರಡಿ ಎನ್ನಲು ಬಾಯಿ ಬರುವುದಿಲ್ಲ. ಬೊಲ್ಶೆವಿಕರು ಎರಡು ದಿನಗಳಲ್ಲಿ ಎರಡು ಮಾತಾಡಿ ಎಳೆದ ಗೆರೆ ಅನ್ಯಾಯದ್ದೇ ಇರಬಹುದು. ಎಲ್ಲರ ರುಜು ಇರುವ ಬೇರೆ ಗೆರೆ ಆ ಸೀಮೆಯಲ್ಲಿ ಇಲ್ಲ.

ಟ್ರಂಪ್ ಶಾಂತಿ ಮಾಡಿಸಿದರಂತೆ. ಜಗಳ ಮುಗಿಯಿತೇ? (ಮಂಗಳೂರಿನ ಓದುಗರು)

ಅರ್ಧ. 2025ರ ಆಗಸ್ಟ್ 8ರಂದು ವಾಷಿಂಗ್ಟನ್‌ನಲ್ಲಿ ಪಶಿನ್ಯಾನ್ ಮತ್ತು ಅಲಿಯೆವ್ ಟ್ರಂಪ್ ಎದುರು ಒಂದು ಘೋಷಣೆಗೆ ಸಹಿ ಹಾಕಿದರು. ಶಾಂತಿ ಒಪ್ಪಂದಕ್ಕೆ ಮಾತ್ರ ಅಂದು ಬಿದ್ದದ್ದು ವಿದೇಶಾಂಗ ಸಚಿವರ ಕಿರುಸಹಿ. ಅಂತಿಮ ಸಹಿಗೆ ಮೊದಲು ಅರ್ಮೇನಿಯಾ ತನ್ನ ಸಂವಿಧಾನ ಬದಲಿಸಬೇಕು ಎಂಬುದು ಬಾಕುವಿನ ಷರತ್ತು. ಸಂವಿಧಾನದ ಪೀಠಿಕೆ 1990ರ ಸ್ವಾತಂತ್ರ್ಯ ಘೋಷಣೆಯನ್ನು ನೆನೆಯುತ್ತದೆ, ಆ ಘೋಷಣೆ ಕರಬಾಖ್ ವಿಲೀನದ 1989ರ ನಿರ್ಣಯವನ್ನು ನೆನೆಯುತ್ತದೆ. ಮೂರನೆಯ ಸುತ್ತಿನಲ್ಲಿ ಸಿಗುವ ಈ ಉಲ್ಲೇಖವನ್ನು ಅಳಿಸಲು ಜನಮತಗಣನೆ ನಡೆಯಬೇಕು. ಸೋತ ಜನ ತಮ್ಮ ಕೈಯಾರೆ ಮತ ಹಾಕಿ ಅದನ್ನು ಅಳಿಸುವುದು ಸಣ್ಣ ಕೆಲಸವಲ್ಲ.

ಇನ್ನೊಂದು, ಟ್ರಂಪ್ ಅವರ ಹೆಸರು ಹೊತ್ತ ದಾರಿ. ಅಜರ್‌ಬೈಜಾನಿನ ಮುಖ್ಯ ಭೂಭಾಗಕ್ಕೂ ಅದರ ತುಂಡಾದ ನಖಿಚೆವಾನ್‌ಗೂ ನಡುವೆ ಅರ್ಮೇನಿಯಾದ ಸ್ಯೂನಿಕ್ ಸೀಮೆಯಿದೆ. ಇರಾನ್ ಗಡಿಗುಂಟ ಸುಮಾರು 43 ಕಿಲೋಮೀಟರ್. 2020ರ ಕದನವಿರಾಮದ ಪ್ರಕಾರ ಈ ದಾರಿಯನ್ನು ರಷ್ಯಾದ ಗಡಿಪಡೆ ನೋಡಿಕೊಳ್ಳಬೇಕಿತ್ತು. ಈಗ ಅಮೆರಿಕದ ಕಂಪನಿಗಳು ಅಭಿವೃದ್ಧಿಪಡಿಸುತ್ತವೆ, ಕಾನೂನು ಅರ್ಮೇನಿಯಾದ್ದು ಎಂದು ತೀರ್ಮಾನ. ಐದು ವರ್ಷಗಳಲ್ಲಿ ಮಾಸ್ಕೋ ಕಳೆದುಕೊಂಡದ್ದು ಎಷ್ಟು ಎಂಬುದಕ್ಕೆ ಈ ಪುಟ್ಟ ನೆಲದ ಪಟ್ಟಿಯೇ ಸಾಕ್ಷಿ.

ಮಾಲ್ಡೋವಾದ ಟ್ರಾನ್ಸ್‌ನಿಸ್ಟ್ರಿಯಾಕ್ಕೂ ಇದೇ ಗತಿಯೇ? (ಉಡುಪಿಯ ಓದುಗರು)

ರಷ್ಯಾದ ಬೆಂಬಲದಿಂದ ಮಾಲ್ಡೋವಾದಿಂದ ಬೇರೆಯಾಗಿ ಕುಳಿತ ಆ ಸೀಮೆಯಲ್ಲಿ ಫಿರಂಗಿಗಿಂತ ಅನಿಲದ ಕೊಳವೆ ಮಾತಾಡುತ್ತಿದೆ. 2025ರ ಜನವರಿ 1ರಂದು ಉಕ್ರೇನ್ ಮೂಲಕ ಬರುತ್ತಿದ್ದ ರಷ್ಯಾದ ಅನಿಲ ನಿಂತಾಗ ಅಲ್ಲಿಯ ಮನೆಗಳು ಚಳಿಗಾಲದ ನಡುವೆ ಬೆಚ್ಚಗಾಗುವುದು ನಿಂತಿತು. ಕಾಪಾಡುತ್ತೇನೆ ಎಂದವರ ದಾರಿ ಬೇರೆ ದೇಶದ ಮೂಲಕ ಹಾದುಬಂದರೆ ಏನಾಗುತ್ತದೆ ಎಂಬುದು ಅಲ್ಲಿಯವರಿಗೆ ಗೊತ್ತಾಗಿದೆ. ಯುದ್ಧದ ಸಾಧ್ಯತೆ ಕಡಿಮೆ ಎನ್ನುತ್ತೇನೆ.

ಬೆಂಗಳೂರಿನ ರಾಡಾರ್ ಅರ್ಮೇನಿಯಾಕ್ಕೆ ಹೋಗಿದೆಯಂತೆ. ಈ ಜಗಳದಲ್ಲಿ ಭಾರತಕ್ಕೇನು ಕೆಲಸ? (ಬೆಂಗಳೂರಿನ ಓದುಗರು)

ಹೋಗಿದೆ. ಅದರ ಹೆಸರು ಸ್ವಾತಿ. ಡಿಆರ್‌ಡಿಒದ ಬೆಂಗಳೂರು ಪ್ರಯೋಗಾಲಯ ಎಲ್‌ಆರ್‌ಡಿಇ ರೂಪಿಸಿದ್ದು, ತಯಾರಿಸಿದ್ದು ಬಿಇಎಲ್. ಗುಡ್ಡದಾಚೆಯಿಂದ ಹಾರಿಬರುವ ಶೆಲ್ಲಿನ ಪಥವನ್ನು ಹಿಡಿದು, ಅದನ್ನು ಹಾರಿಸಿದ ಫಿರಂಗಿ ಎಲ್ಲಿದೆ ಎಂದು ಲೆಕ್ಕ ಹಾಕಿ ಹೇಳುವ ಯಂತ್ರ ಅದು. ಪರ್ವತದ ಯುದ್ಧಕ್ಕೆ ಹೇಳಿ ಮಾಡಿಸಿದಂತಿದೆ. 2020ರಲ್ಲಿ ಸುಮಾರು 4 ಕೋಟಿ ಡಾಲರಿಗೆ ನಾಲ್ಕು ರಾಡಾರ್‌ಗಳ ಒಪ್ಪಂದವಾಯಿತು. ಆಮೇಲೆ ಪಿನಾಕ ರಾಕೆಟ್, ಆಕಾಶ್ ಕ್ಷಿಪಣಿಗಳೂ ಹೋದವು. ರಷ್ಯಾದ ಮೇಲೆ ಭರವಸೆ ಕಳೆದುಕೊಂಡ ಅರ್ಮೇನಿಯಾಕ್ಕೆ ಬೇರೆ ಅಂಗಡಿ ಬೇಕಿತ್ತು, ನಮಗೆ ಗಿರಾಕಿ ಬೇಕಿತ್ತು. ಪಾಕಿಸ್ತಾನ, ಟರ್ಕಿ, ಅಜರ್‌ಬೈಜಾನ್ ಸೈನ್ಯಗಳು 2021ರಲ್ಲಿ ‘ಮೂವರು ಸಹೋದರರು’ ಎಂಬ ಹೆಸರಿನಲ್ಲಿ ಬಾಕುವಿನಲ್ಲಿ ಸಮರಾಭ್ಯಾಸ ಮಾಡಿದ ಮೇಲೆ ದೆಹಲಿಯ ಹಿಂಜರಿಕೆಯೂ ಕರಗಿತು. 2025ರ ಮೇ ತಿಂಗಳಲ್ಲಿ ಆಪರೇಷನ್ ಸಿಂಧೂರದ ಹೊತ್ತಿಗೆ ಬಾಕು ಪಾಕಿಸ್ತಾನದ ಪರ ನಿಂತಿತು, ನಮ್ಮ ಪ್ರವಾಸಿಗರು ಬಾಕು ಟಿಕೆಟ್ ರದ್ದು ಮಾಡಿದರು.

ಆದರೆ ಲೆಕ್ಕ ಅಷ್ಟು ಸರಳವಲ್ಲ. ನಮ್ಮದೇ ಸರ್ಕಾರಿ ಸಂಸ್ಥೆ ಒಎನ್‌ಜಿಸಿ ವಿದೇಶ್, ಅಜರ್‌ಬೈಜಾನಿನ ಅತಿ ದೊಡ್ಡ ತೈಲಕ್ಷೇತ್ರದಲ್ಲೂ ಮೇಲೆ ಹೇಳಿದ ಜೈಹಾನ್ ಕೊಳವೆಯಲ್ಲೂ ಪಾಲು ಹೊಂದಿದೆ. 2013ರಲ್ಲಿ ಅಮೆರಿಕದ ಹೆಸ್ ಕಂಪನಿಯಿಂದ ಕೊಂಡ ಪಾಲು ಅದು. ಹೀಗಾಗಿ ಅಲಿಯೆವ್ ಬೊಕ್ಕಸ ತುಂಬುವ ಎಣ್ಣೆಯಲ್ಲಿ ನಮಗೂ ಒಂದಿಷ್ಟು ಸಿಗುತ್ತದೆ, ಆ ಬೊಕ್ಕಸದಿಂದ ಬಂದ ಫಿರಂಗಿಯನ್ನು ಪತ್ತೆ ಹಚ್ಚುವ ರಾಡಾರ್ ಮಾರಿಯೂ ಸಿಗುತ್ತದೆ.

ತತ್ತ್ವದ ಮಾತಿಗೆ ಬಂದರೆ ಇಕ್ಕಟ್ಟು ಇನ್ನೂ ಹೆಚ್ಚು. ಒಳಗಿನ ಪ್ರಾಂತ್ಯವೊಂದು ಜನಸಂಖ್ಯೆಯ ಲೆಕ್ಕದಲ್ಲಿ ಬೇರೆಯಾಗುತ್ತೇನೆ ಎಂದರೆ ಒಪ್ಪಲಾಗದು, ದೇಶದ ಗಡಿ ಅಖಂಡ ಎಂಬುದು ಕರಬಾಖ್ ಬಗ್ಗೆ ಬಾಕುವಿನ ವಾದ. ಕಾಶ್ಮೀರದ ವಿಷಯದಲ್ಲಿ ನಾವೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತೇವೆ. ಅದಕ್ಕೇ ದೆಹಲಿ ಕರಬಾಖ್‌ನ ಸ್ವಾತಂತ್ರ್ಯವನ್ನು ಎಂದೂ ಮಾನ್ಯ ಮಾಡಲಿಲ್ಲ. ಈಗ ಅರ್ಮೇನಿಯಾವೇ ಆ ಬೇಡಿಕೆ ಕೈಬಿಟ್ಟು 1991ರ ಗಡಿಗೆ ಬಂದು ನಿಂತಿರುವುದರಿಂದ ನಮ್ಮ ರಾಜತಾಂತ್ರಿಕರಿಗೆ ಒಂದು ತಲೆನೋವು ಕಡಿಮೆಯಾಗಿದೆ. ಇರಾನಿನ ಚಾಬಹಾರ್‌ನಿಂದ ಅರ್ಮೇನಿಯಾ, ಜಾರ್ಜಿಯಾ ಮೂಲಕ ಕಪ್ಪು ಸಮುದ್ರ ಮುಟ್ಟುವ ನಮ್ಮ ಬಹುಕಾಲದ ಆಸೆ ಮಾತ್ರ ಸ್ಯೂನಿಕ್‌ನ ಅದೇ ಇಕ್ಕಟ್ಟಾದ ನೆಲದ ಮೇಲೆ, ಅಮೆರಿಕದ ದಾರಿಯನ್ನು ಅಡ್ಡಲಾಗಿ ದಾಟಿಯೇ ಹೋಗಬೇಕು. ಇರಾನ್ ಆ ದಾರಿಯನ್ನು ಅನುಮಾನದಿಂದ ನೋಡುತ್ತಿದೆ. ದೆಹಲಿ ವಾಷಿಂಗ್ಟನ್ ಒಪ್ಪಂದವನ್ನು ಸ್ವಾಗತಿಸಿದ್ದರೂ ಆ ದಾರಿಯ ಬಗ್ಗೆ ಹೆಚ್ಚು ಮಾತಾಡುತ್ತಿಲ್ಲ.