ರಾಜೀನಾಮೆ ಬರೆಸಿಕೊಂಡರೆ ದುಡ್ಡು ಹೋಯ್ತಾ?

ಪ್ರಶ್ನೆ: ಹಾಸನದ ಹತ್ತಿರ ಒಂದು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಆಗಿದ್ದೆ. 4 ವರ್ಷ 10 ತಿಂಗಳು ಕೆಲಸ ಮಾಡಿದ್ದೇನೆ, ಸಂಬಳ 13,000. ಆರ್ಡರ್ ಇಲ್ಲ ಅಂತ ಒಂದೇ ದಿನ ಇಪ್ಪತ್ತೆರಡು ಜನರನ್ನು ಕರೆದು, ಮೊದಲೇ ಟೈಪ್ ಮಾಡಿದ್ದ ಕಾಗದಕ್ಕೆ ಸಹಿ ಹಾಕಿಸಿಕೊಂಡರು. 'ಸ್ವಂತ ಇಚ್ಛೆಯಿಂದ ಕೆಲಸ ಬಿಡುತ್ತಿದ್ದೇನೆ' ಅಂತ ಅದರಲ್ಲಿತ್ತು. ಸಹಿ ಹಾಕದಿದ್ದರೆ ಆ ತಿಂಗಳ ಸಂಬಳ ಇಲ್ಲ ಅಂದರು. ಇಎಸ್‌ಐನಿಂದ ನಿರುದ್ಯೋಗ ಭತ್ಯೆ ಸಿಗುತ್ತದೆ ಅಂತ ಕೇಳಿದ್ದೇನೆ. ಕಂಪನಿಯವರು 'ನೀನೇ ಬಿಟ್ಟಿದ್ದು, ಏನೂ ಬರಲ್ಲ' ಅಂತಾರೆ. ನಿಜವಾ?

ಉತ್ತರ: ಪೂರ್ತಿ ನಿಜವಲ್ಲ. ಆದರೆ ಆ ಒಂದು ಸಾಲು ನಿಮ್ಮನ್ನು ಬಹಳ ಓಡಾಡಿಸುತ್ತದೆ. ಈ ಜಗಳಗಳಲ್ಲಿ ಮುಕ್ಕಾಲು ಪಾಲು ನಿಲ್ಲುವುದು ಅಲ್ಲೇ. ಕೆಲಸ ಹೋಗಿದ್ದು ಎರಡೂ ಕಡೆಯವರಿಗೆ ಗೊತ್ತು. ಬಿಟ್ಟಿದ್ದಾ, ಬಿಡಿಸಿದ್ದಾ ಅನ್ನುವುದೇ ತಕರಾರು.

ಮೊದಲು ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ. 2018ರ ಜುಲೈ 1ರಿಂದ 'ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ' ಅಂತ ಒಂದಿದೆ. ಕೆಲಸ ಕಳೆದುಕೊಂಡ ಕಾರ್ಮಿಕರಿಗೆ ದಿನದ ಸರಾಸರಿ ಕೂಲಿಯ ಅರ್ಧ, ಹೆಚ್ಚೆಂದರೆ 90 ದಿನ, ಜೀವಮಾನದಲ್ಲಿ ಒಂದೇ ಸಲ. ನಿಮ್ಮ ಸಂಬಳಕ್ಕೆ ಸುಮಾರು 19,500 ರೂಪಾಯಿ ಆಗುತ್ತದೆ. ಅವಧಿ ಮುಗಿದಂತೆಲ್ಲ ಮುಂದುವರಿಸುತ್ತಾ ಬಂದಿರುವ ಯೋಜನೆ ಇದು. ಹಾಗಾಗಿ ಈಗ ಜಾರಿಯಲ್ಲಿದೆಯಾ ಅಂತ ಮೊದಲು ಶಾಖಾ ಕಚೇರಿಯಲ್ಲಿ ಕೇಳಿಕೊಳ್ಳಿ.

ಕೆಲಸ ಹೋಗುವ ಮುಂಚಿನ ಎರಡು ವರ್ಷ ನೀವು ಇಎಸ್‌ಐ ಇರುವ ಕೆಲಸದಲ್ಲಿ ಇದ್ದಿರಬೇಕು. ಇಎಸ್‌ಐನವರು ವರ್ಷವನ್ನು ಎರಡು ಭಾಗ ಮಾಡುತ್ತಾರೆ: ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಕೆಲಸ ಹೋಗುವ ಮುಂಚಿನ ಭಾಗದಲ್ಲಿ 78 ದಿನ, ಅದಕ್ಕೂ ಹಿಂದಿನ ಮೂರು ಭಾಗಗಳ ಪೈಕಿ ಒಂದರಲ್ಲಿ 78 ದಿನ ವಂತಿಗೆ ಕಟ್ಟಿರಬೇಕು. ನೀವು ಬಿಡದೆ ಕೆಲಸ ಮಾಡಿದ್ದರೆ ಇದು ತೊಂದರೆಯಾಗದು. ಕೆಲಸ ಹೋಗಿ 30 ದಿನ ಆದ ಮೇಲೆ ಅರ್ಜಿ ಹಾಕಬಹುದು. ಮೊದಲೆಲ್ಲ ಅರ್ಜಿ ಮಾಲೀಕರ ಮೂಲಕ ಹೋಗಬೇಕಿತ್ತು. ಹೊರಗೆ ಹಾಕಿದವರ ಹತ್ತಿರವೇ ಹೋಗಿ ಸಹಿ ಕೇಳುವ ಪಾಡು! 2020ರಲ್ಲಿ ಅದನ್ನು ತೆಗೆದರು. ಈಗ ನೀವೇ ನೇರವಾಗಿ ಕೊಡಬಹುದು. ಆಮೇಲೆ ಕಚೇರಿಯವರು ಮಾಲೀಕರನ್ನು ವಿಚಾರಿಸುತ್ತಾರೆ.

ಸಿಕ್ಕಿಕೊಳ್ಳುವುದು ಆಗಲೇ. ದುರ್ನಡತೆಗೆ ಶಿಕ್ಷೆಯಾಗಿ ಕೆಲಸ ಹೋಗಿದ್ದರೆ, ವಯಸ್ಸಾಗಿ ನಿವೃತ್ತಿಯಾಗಿದ್ದರೆ, ಸ್ವಯಂ ನಿವೃತ್ತಿ ಪಡೆದಿದ್ದರೆ ಈ ದುಡ್ಡು ಇಲ್ಲ. ನಿಮ್ಮ 'ಸ್ವಂತ ಇಚ್ಛೆ' ಕಾಗದವನ್ನು ಆ ಕೊನೆಯ ಸಾಲಿಗೆ ಎಳೆಯುತ್ತಾರೆ. ಅದರ ಜೊತೆಗೆ ಕಂಪನಿಯವರು ಇಎಸ್‌ಐ ಆನ್‌ಲೈನ್ ಲೆಕ್ಕದಲ್ಲಿ ನಿಮ್ಮ ಹೆಸರಿನ ಮುಂದೆ ಒಂದು ಕಾರಣ ತುಂಬಿರುತ್ತಾರೆ. 'ಕೆಲಸ ಬಿಟ್ಟರು' ಅನ್ನುವುದಕ್ಕೆ ಒಂದು ಕೋಡ್, 'ರಿಟ್ರೆಂಚ್‌ಮೆಂಟ್', ಅಂದರೆ ಕೆಲಸವಿಲ್ಲ ಅಂತ ಕಂಪನಿಯೇ ತೆಗೆದದ್ದು, ಅನ್ನುವುದಕ್ಕೆ ಬೇರೆ ಕೋಡ್. ನಿಮ್ಮದಕ್ಕೆ ಯಾವುದು ಹಾಕಿದ್ದಾರೆ ಅಂತ ಶಾಖಾ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಮುಂದಿನ ಹೆಜ್ಜೆಯೆಲ್ಲ ಅದರ ಮೇಲೆ.

ಕಂಪನಿಗಳು ಯಾಕೆ ರಾಜೀನಾಮೆಯನ್ನೇ ಬರೆಸಿಕೊಳ್ಳುತ್ತವೆ ಗೊತ್ತಾ? ನಿಮ್ಮ 19,500 ಉಳಿಸುವುದಕ್ಕಲ್ಲ. ಅದು ಅವರ ಜೇಬಿನದ್ದೇ ಅಲ್ಲ. ಆರ್ಡರ್ ಇಲ್ಲದೆ ಜನರನ್ನು ತೆಗೆದರೆ ಅದು ರಿಟ್ರೆಂಚ್‌ಮೆಂಟ್. ಆಗ ಒಂದು ತಿಂಗಳ ನೋಟಿಸ್ ಇಲ್ಲವೇ ಅದರ ಸಂಬಳ, ಜೊತೆಗೆ ವರ್ಷಕ್ಕೆ 15 ದಿನದ ಸಂಬಳ ಪರಿಹಾರ ಕೊಡಬೇಕು. ಆರು ತಿಂಗಳು ದಾಟಿದ್ದನ್ನು ಪೂರ್ತಿ ವರ್ಷ ಅಂತ ಹಿಡಿಯುತ್ತಾರೆ. ಅಂದರೆ ನಿಮಗೆ ಐದು ವರ್ಷಕ್ಕೆ 32,500, ನೋಟಿಸ್‌ಗೆ 13,000. 2025ರ ನವೆಂಬರ್ 21ರಂದು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರ ನಂತರ ತೆಗೆದಿದ್ದರೆ, ಕೆಲಸ ಹೋದವರು ಹೊಸ ಕೆಲಸ ಕಲಿಯಲಿ ಅಂತ ಇಟ್ಟಿರುವ ಮರುಕೌಶಲ ನಿಧಿಯಿಂದ ಇನ್ನೂ 15 ದಿನದ ಸಂಬಳ. 300 ಕಾರ್ಮಿಕರಿರುವ ಕಾರ್ಖಾನೆಯಾದರೆ ಸರ್ಕಾರದ ಅನುಮತಿಯೂ ಬೇಕು. ಒಂದು ಕಾಗದ ಇದನ್ನೆಲ್ಲ ತಪ್ಪಿಸಿಬಿಡುತ್ತದೆ.

ಕೆಲಸ ಬಿಡುವಾಗ ಸರ್ವೀಸ್ ಲೆಕ್ಕದಲ್ಲಿ ಮಾಲೀಕರು ಕೊಡುವ ಗ್ರಾಚ್ಯುಟಿಗೆ ಐದು ವರ್ಷ ಬೇಕು. ನಿಮ್ಮನ್ನು ಎರಡು ತಿಂಗಳ ಮುಂಚೆ ಕಳಿಸಿದ್ದು ಕಾಕತಾಳೀಯ ಅಂತ ನನಗಂತೂ ಅನ್ನಿಸುವುದಿಲ್ಲ. ಐದನೇ ವರ್ಷದಲ್ಲಿ 240 ದಿನ ಕೆಲಸ ಮಾಡಿದ್ದರೆ ಸಾಕು ಅಂತ ಮದ್ರಾಸ್ ಹೈಕೋರ್ಟ್ ಹೇಳಿದೆ. ಎಲ್ಲ ಕಡೆ ಒಪ್ಪುತ್ತಾರೆ ಅನ್ನುವಂತಿಲ್ಲ, ಆದರೆ ಕೇಳದೆ ಬಿಡಬೇಡಿ.

ಈಗ ಮಾಡಬೇಕಾದ್ದು. 'ಸಂಬಳ ತಡೆಹಿಡಿಯುತ್ತೇವೆ ಅಂತ ಹೆದರಿಸಿ ಸಹಿ ಪಡೆದಿದ್ದೀರಿ, ನಾನು ರಾಜೀನಾಮೆ ಕೊಟ್ಟಿಲ್ಲ' ಅಂತ ಕಂಪನಿಗೆ ಒಂದು ಪತ್ರ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿ. ಇವತ್ತೇ ಹಾಕಿ. ಮೂರು ತಿಂಗಳು ಸುಮ್ನಿದ್ದು ಆಮೇಲೆ ಹೇಳಿದರೆ ಯಾರೂ ನಂಬುವುದಿಲ್ಲ. ನಂತರ ಇಪ್ಪತ್ತೆರಡು ಜನವೂ ಒಟ್ಟಿಗೆ ಜಿಲ್ಲೆಯ ಕಾರ್ಮಿಕ ಅಧಿಕಾರಿಗೆ ದೂರು ಕೊಡಿ. ಒಬ್ಬಳ ರಾಜೀನಾಮೆಯನ್ನು ನಂಬಬಹುದು. ಒಂದೇ ದಿನ, ಒಂದೇ ಒಕ್ಕಣೆಯಲ್ಲಿ ಇಪ್ಪತ್ತೆರಡು ಜನರಿಗೆ ಸ್ವಂತ ಇಚ್ಛೆ ಹುಟ್ಟಿತು ಅಂದರೆ ಯಾರು ನಂಬುತ್ತಾರೆ? ನಿಮ್ಮ ದೊಡ್ಡ ಸಾಕ್ಷಿ ಅದೇ. ಸೂಪರ್‌ವೈಸರ್ ಕಳಿಸಿದ ವಾಟ್ಸಾಪ್ ಮೆಸೇಜ್ ಅಳಿಸಬೇಡಿ. ರಾಜಿ ಆಗದೆ 45 ದಿನ ಕಳೆದರೆ ನೀವೇ ನೇರವಾಗಿ ನ್ಯಾಯಮಂಡಳಿಗೆ ಹೋಗಬಹುದು. ಹೊಸ ಸಂಹಿತೆಯಲ್ಲಿ ಅದಕ್ಕೆ ಗಡುವು ಎರಡು ವರ್ಷ.

ಪ್ರಶ್ನೆ: ಮೂಡಿಗೆರೆ ಕಡೆ ನಮ್ಮದೊಂದು ಹೋಂಸ್ಟೇ. ಆರು ಜನ ಕೆಲಸಕ್ಕಿದ್ದಾರೆ. ಮೂರು ವರ್ಷದಿಂದ ಇದ್ದ ಅಡುಗೆಯವನು ಜಾತ್ರೆಗೆ ಅಂತ ಊರಿಗೆ ಹೋದವನು ಇಪ್ಪತ್ತು ದಿನ ಬರಲಿಲ್ಲ, ಫೋನೂ ಎತ್ತಲಿಲ್ಲ. ಸೀಸನ್ ಆದ್ದರಿಂದ ಬೇರೆಯವರನ್ನು ಇಟ್ಟುಕೊಂಡೆವು. ಈಗ ಅವನು ಕೆಲಸದಿಂದ ತೆಗೆದರು ಅಂತ ದೂರು ಕೊಟ್ಟಿದ್ದಾನೆ. ಅವನಿಗೆ ನಾನು ನಿರುದ್ಯೋಗ ಭತ್ಯೆ ಕೊಡಬೇಕಾ?

ಉತ್ತರ: ಭತ್ಯೆ ಕೊಡಬೇಕಿಲ್ಲ ಸಾರ್. ನಮ್ಮಲ್ಲಿ ಆ ಭತ್ಯೆ ಕೊಡುವುದು ಮಾಲೀಕರಲ್ಲ, ಇಎಸ್‌ಐ. ಇಎಸ್‌ಐ ಬರಬೇಕಾದರೆ ಹತ್ತು ಜನ ಕೆಲಸಗಾರರು ಇರಬೇಕು. ಯುವನಿಧಿ ಸಿಗುತ್ತಾ ಅಂತಲೂ ಕೆಲವರು ಕೇಳುತ್ತಾರೆ. ಅದು ಓದು ಮುಗಿಸಿ ಕೆಲಸ ಸಿಗದ ಪದವೀಧರರಿಗೆ ಮತ್ತು ಡಿಪ್ಲೊಮಾದವರಿಗೆ, ಕೆಲಸ ಕಳೆದುಕೊಂಡವರಿಗಲ್ಲ.

ಆದರೆ ಅಷ್ಟಕ್ಕೇ ನಿರಾಳ ಆಗಬೇಡಿ. 'ಅವನೇ ಬಿಟ್ಟು ಹೋದ' ಅನ್ನುವುದನ್ನು ತೋರಿಸಬೇಕಾದವರು ನೀವು. ಎಂಟು ದಿನಕ್ಕಿಂತ ಜಾಸ್ತಿ ಬರಲಿಲ್ಲ ಅಂತ ವಿಚಾರಣೆಯಿಲ್ಲದೆ ಹೆಸರು ಹೊಡೆದುಹಾಕಿದ್ದ ಒಂದು ಕಂಪನಿಯ ಪ್ರಕರಣದಲ್ಲಿ, 1993ರಲ್ಲಿ ಸುಪ್ರೀಂ ಕೋರ್ಟ್ ಆ ಕಾರ್ಮಿಕನನ್ನು ವಾಪಸ್ ತೆಗೆದುಕೊಳ್ಳಿ, ಹಿಂಬಾಕಿ ಸಂಬಳದ ಅರ್ಧವನ್ನೂ ಕೊಡಿ ಅಂತ ಆದೇಶಿಸಿತು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲೂ ಆರು ತಿಂಗಳು ಕೆಲಸ ಮಾಡಿದವರನ್ನು ಸರಿಯಾದ ಕಾರಣ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ. 'ಕೆಲಸಕ್ಕೆ ಬಾ' ಅಂತ ಅವನ ಊರಿನ ವಿಳಾಸಕ್ಕೆ ಒಂದು ಪತ್ರ ಹಾಕಿದ್ದಿರಾ? ಇಲ್ಲ ಅಂತಲೇ ನನ್ನ ಊಹೆ. ಮಲೆನಾಡಿನಲ್ಲಿ ನಾವು ಎಲ್ಲವನ್ನೂ ಬಾಯಿಮಾತಲ್ಲೇ ಮುಗಿಸುವವರು.

ಈಗಲೂ ಕಾಲ ಮಿಂಚಿಲ್ಲ. ಕಾರ್ಮಿಕ ಅಧಿಕಾರಿಯ ಮುಂದೆ ಹೋದಾಗ 'ನಾವು ತೆಗೆದಿಲ್ಲ, ನಾಳೆಯಿಂದಲೇ ಬರಲಿ' ಅಂತ ಬರವಣಿಗೆಯಲ್ಲಿ ಕೊಡಿ. ನಿಜವಾಗಿಯೂ ಕೆಲಸ ಕೊಡುವ ಮನಸ್ಸಿದ್ದರೆ ಮಾತ್ರ ಕೊಡಿ. ಅವನು ಬಂದರೆ ಕೆಲಸ, ಬರದಿದ್ದರೆ ನಿಮ್ಮ ಮಾತಿಗೆ ತೂಕ. ನೀವು ಮಾಡಿದ ಕಾಲ್‌ಗಳ ಪಟ್ಟಿಯನ್ನೂ ಇಟ್ಟುಕೊಳ್ಳಿ. ಹೋದ ತಿಂಗಳ ಸಂಬಳ ಬಾಕಿ ಇದ್ದರೆ ಅದನ್ನು ಮೊದಲು ಕೊಟ್ಟುಬಿಡಿ. ಕೆಲಸ ಬಿಟ್ಟರೂ ಬಿಡಿಸಿದರೂ ಎರಡು ಕೆಲಸದ ದಿನದೊಳಗೆ ಸಂಬಳ ಚುಕ್ತಾ ಆಗಬೇಕು ಅನ್ನುತ್ತದೆ ಹೊಸ ಸಂಹಿತೆ. ಬಾಕಿ ಇಟ್ಟುಕೊಂಡು ವಾದ ಮಾಡುವವರ ಮಾತು ಯಾರಿಗೂ ರುಚಿಸುವುದಿಲ್ಲ.

ಪ್ರಶ್ನೆ: ಅಪ್ಪ ಸಕಲೇಶಪುರದ ಹತ್ತಿರ ಕಾಫಿ ತೋಟದಲ್ಲಿ 14 ವರ್ಷ ದುಡಿದಿದ್ದಾರೆ, ದಿನಗೂಲಿ 450. ತೋಟ ಮಾರಾಟವಾಯಿತು. ಹೊಸಬರು ಬೇಡ ಅಂದರು. ಹಳಬರು 'ಇನ್ನು ನಂದಲ್ಲ' ಅಂತಾರೆ. ಇಎಸ್‌ಐ ಇಲ್ಲ. ಏನಾದರೂ ಸಿಗುತ್ತದಾ?

ಉತ್ತರ: ಇಎಸ್‌ಐ ವ್ಯವಸ್ಥೆ ತೋಟಗಳಿಗೆ ಬರಲೇ ಇಲ್ಲ ಅನ್ನಬಹುದು. ಇಎಸ್‌ಐ ಕಾಯ್ದೆ ಸೀಸನ್‌ನಲ್ಲಿ ಮಾತ್ರ ನಡೆಯುವ ಕಾರ್ಖಾನೆಗಳನ್ನು ಹೊರಗಿಟ್ಟಾಗ ಪಟ್ಟಿಯಲ್ಲಿ ಕಾಫಿಯ ಹೆಸರನ್ನೂ ಬರೆದಿತ್ತು. ಹಾಗಾಗಿ ಹಾಸನ, ಚಿಕ್ಕಮಗಳೂರು ಈ ನಮ್ಮ ಎರಡು ಜಿಲ್ಲೆಗಳ ಬಹಳ ಜನ ಕೆಲಸಗಾರರಿಗೆ ನಿರುದ್ಯೋಗ ಭತ್ಯೆ ಅನ್ನುವುದೇ ಇಲ್ಲ.

ಆದರೆ ಪರಿಹಾರ ಇದೆ. ತೋಟ ಕೈ ಬದಲಾದಾಗ ಹೊಸ ಮಾಲೀಕರು ಹಳೆ ಸರ್ವೀಸ್ ಸಮೇತ ಕೆಲಸದಲ್ಲಿ ಮುಂದುವರಿಸಬೇಕು. ಇಲ್ಲವಾದರೆ ರಿಟ್ರೆಂಚ್‌ಮೆಂಟ್ ಆದವರಿಗೆ ಕೊಡುವಷ್ಟೇ ಪರಿಹಾರವನ್ನು ಹಳೆ ಮಾಲೀಕರು ಕೊಡಬೇಕು. 15 ದಿನದ ಕೂಲಿಯನ್ನು 14 ವರ್ಷಕ್ಕೆ ಗುಣಿಸಿ: 94,500. 'ಇನ್ನು ನಂದಲ್ಲ' ಅನ್ನುವ ಮಾತು ನಡೆಯುವುದಿಲ್ಲ. ಗ್ರಾಚ್ಯುಟಿ ಬೇರೆ, ಅದೂ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ. 30 ದಿನ ದಾಟಿದರೆ ಬಡ್ಡಿಯೂ ಸೇರುತ್ತದೆ. ತೋಟ 5 ಹೆಕ್ಟೇರ್, ಅಂದರೆ ಹನ್ನೆರಡೂವರೆ ಎಕರೆಯ ಆಸುಪಾಸಿಗಿಂತ ದೊಡ್ಡದಾ, ಎಷ್ಟು ಜನ ಕೆಲಸಕ್ಕಿದ್ದರು ಅಂತ ಮೊದಲು ಖಚಿತ ಮಾಡಿಕೊಳ್ಳಿ. ಯಾವ ಕಾನೂನು ಅನ್ವಯಿಸುತ್ತದೆ ಅನ್ನುವುದು ಅದರ ಮೇಲೆ.

ಕಷ್ಟ ಬರುವುದು 14 ವರ್ಷವನ್ನು ತೋರಿಸುವಾಗ. ಹಾಜರಿ ಬರೆಯುವ ಚೆಕ್‌ರೋಲ್ ಪುಸ್ತಕ ಹಳೆ ಮಾಲೀಕರ ಹತ್ತಿರ ಇರುತ್ತದೆ, ಅವರಾಗಿ ತೋರಿಸುವುದಿಲ್ಲ. ಪಿಎಫ್ ಹಿಡಿಯುತ್ತಿದ್ದರೆ ಆ ಪಾಸ್‌ಬುಕ್ ಸಾಕು. ಇಲ್ಲದಿದ್ದರೆ ಲೈನ್ ಮನೆ ವಿಳಾಸದ ರೇಷನ್ ಕಾರ್ಡ್, ಬ್ಯಾಂಕಿಗೆ ಬಂದ ಬಟವಾಡೆ, ತೋಟದ ವಿಳಾಸ ಹಾಕಿದ ನಿಮ್ಮ ಶಾಲೆಯ ದಾಖಲೆ ಎಲ್ಲ ಹುಡುಕಿ. ಜೊತೆಯಲ್ಲಿ ಹಣ್ಣು ಕುಯ್ದವರ ಹೇಳಿಕೆಯೂ ಆಗುತ್ತದೆ. ಅಪ್ಪನ ಕಾಲದಲ್ಲಿ ತೋಟದ ಲೆಕ್ಕ ಬರೆಯುತ್ತಿದ್ದ ರೈಟರ್ ಇನ್ನೂ ಅಲ್ಲೇ ಊರಲ್ಲಿದ್ದರೆ, ಹೊಸಬರು ಅವರನ್ನು ಕೆಲಸಕ್ಕೆ ಇಟ್ಟುಕೊಳ್ಳುವ ಮೊದಲೇ ಹೋಗಿ ಮಾತಾಡಿಸಿ.